ಸೆರೆಯಾಳಿನ ನಿಧಿ

ಪ್ಯಾರಿಸ್ ನಗರದ ದಕ್ಷಿಣದಲ್ಲಿದ್ದ ಬಿಸೆತ್ರ್ ಸೆರೆಮನೆಯಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ನೆನಪು ಜನಮನದಲ್ಲಿ ಇನ್ನೂ ಹಸಿಯಾಗಿದ್ದ ವರ್ಷಗಳಲ್ಲಿ, ಅಕ್ಷರ ಬಲ್ಲ ಕೈದಿಗಳಿಗೆ ವಿಲಕ್ಷಣವಾದ ಉದ್ಯೋಗವೊಂದು ದೊರೆತಿದ್ದಿತು. ದೂರದ ಪ್ರಾಂತಗಳ ಧನವಂತರ ಹೆಸರು ವಿಳಾಸಗಳನ್ನು ಸಂಪಾದಿಸಿ ಅವರಿಗೆ ಅತ್ಯಂತ ವಿನಯದ ಕಾಗದಗಳನ್ನು ಬರೆಯುವುದೇ ಆ ಉದ್ಯೋಗ. ತಾನು ಒಬ್ಬ ಕುಲೀನ ಪ್ರಭುವಿನ ಸೇವಕನೆಂದೂ, ಕ್ರಾಂತಿಯ ಕಾಲದಲ್ಲಿ ಒಡೆಯನೊಡನೆ ದೇಶ ಬಿಟ್ಟು ಓಡುತ್ತಿದ್ದಾಗ ಬೆನ್ನಟ್ಟಿದವರ ಭಯದಿಂದ ಹೊನ್ನು ವಜ್ರಗಳು ತುಂಬಿದ ಪೆಟ್ಟಿಗೆಯನ್ನು ದಾರಿಯಲ್ಲೇ ಅಡಗಿಸಬೇಕಾಯಿತೆಂದೂ, ಒಡೆಯನು ಪರದೇಶದಲ್ಲಿ ತೀರಿಕೊಂಡನೆಂದೂ, ನಿಧಿಯನ್ನು ತೆಗೆಯಲು ಮರಳಿ ಬಂದ ತಾನು ದುರ್ದೈವದಿಂದ ಸೆರೆಯಲ್ಲಿ ಬಿದ್ದಿರುವೆನೆಂದೂ, ತಮ್ಮಂಥ ಸತ್ಪುರುಷರು ಅಲ್ಪ ಧನಸಹಾಯ ಮಾಡಿ ತನ್ನ ಬಿಡುಗಡೆಗೆ ಕಾರಣರಾದರೆ ನಿಧಿಯಲ್ಲಿ ಯೋಗ್ಯವಾದ ಪಾಲು ತಮ್ಮದೇ ಎಂದೂ ಆ ಕಾಗದಗಳು ಬಿನ್ನವಿಸುತ್ತಿದ್ದವು. ನಿಧಿಯೂ ಇರಲಿಲ್ಲ, ಪ್ರಭುವೂ ಇರಲಿಲ್ಲ. ಆ ಕಥೆಯಲ್ಲಿ ಸೆರೆಯೊಂದೇ ನಿಜವಾಗಿದ್ದಿತು.

ಕಳ್ಳರ ಗುಪ್ತಭಾಷೆಯಲ್ಲಿ ‘ಜೆರೂಸಲೇಮಿನ ಪತ್ರ’ಗಳೆಂದು ಹೆಸರಾಗಿದ್ದ ಈ ಕಾಗದಗಳ ವೃತ್ತಾಂತವನ್ನು ಲೋಕಕ್ಕೆ ತಿಳಿಸಿದವನು ವಿದೋಕ್. ತಾರುಣ್ಯದಲ್ಲಿ ತಾನೇ ಅಪರಾಧಿಯಾಗಿ ಸೆರೆಮನೆಗಳನ್ನು ಕಂಡು, ಅನಂತರ ಪ್ಯಾರಿಸ್ ಪೋಲೀಸಿನ ಪತ್ತೇದಾರಿ ವಿಭಾಗಕ್ಕೆ ಮುಖ್ಯಸ್ಥನಾದ ಈತನು 1828ರಲ್ಲಿ ಪ್ರಕಟವಾದ ತನ್ನ ಸ್ಮೃತಿಗ್ರಂಥದಲ್ಲಿ, ಇಂಥ 100 ಕಾಗದಗಳು ಹೋದರೆ 20ಕ್ಕಾದರೂ ಉತ್ತರ ಬರುತ್ತಿದ್ದಿತೆಂದು ಬರೆದಿರುವನು. ಪ್ಯಾರಿಸ್ಸಿನ ಬಟ್ಟೆ ವ್ಯಾಪಾರಿಯೊಬ್ಬನು, ಡಚೆಸ್ ಒಬ್ಬಳ ವಜ್ರಗಳು ಅಲ್ಲಿವೆಯೆಂದು ನಂಬಿ, ಪಾಂ ನಫ್ ಸೇತುವೆಯ ಕಮಾನೊಂದರ ಬುಡವನ್ನು ಅಗೆಯುತ್ತಿರುವಾಗಲೇ ಸಿಕ್ಕಿಬಿದ್ದನಂತೆ. ಇಷ್ಟು ಜನ ಮೋಸ ಹೋದುದು ಹೇಗೆಂಬುದಕ್ಕೆ ವಿದೋಕ್ ಕೊಡುವ ಕಾರಣವು ಅವನ ಅಂಕಿಗಿಂತ ಮುಖ್ಯವಾದುದು. ಆ ಕಾಗದಗಳು ಹೋಗುತ್ತಿದ್ದುದು ಹಳೆಯ ರಾಜಪ್ರಭುತ್ವದಲ್ಲಿ ನಿಷ್ಠೆಯಿದ್ದ ಜನರಿಗೆ ಮಾತ್ರ. ಪ್ರಭುಗಳು ಆಸ್ತಿ ತೊರೆದು ಓಡಿದ್ದು, ನಿಧಿಗಳನ್ನು ಹೂತಿಟ್ಟದ್ದು, ನಿಷ್ಠಾವಂತ ಸೇವಕರು ಸೆರೆಯಲ್ಲಿ ಕೊರಗಿದ್ದು, ಇವೆಲ್ಲವೂ ಅವರು ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಮರುಗಿದ್ದ ಸಂಗತಿಗಳು. ವಂಚಕನು ಸುಳ್ಳಿನ ಬೀಜವನ್ನು ಸತ್ಯದ ನೆಲದಲ್ಲಿ ಬಿತ್ತಿದ್ದನು.

ಹೀಗೆ ನಿಧಿಯ ಆಸೆ ತೋರಿಸಿ ಮೊದಲೇ ಹಣ ಕೀಳುವ ಮುಂಗಡ ಹಣದ ವಂಚನೆಯ ಎರಡು ಶತಮಾನಗಳ ಚರಿತ್ರೆಯನ್ನು ಅವಲೋಕಿಸಿದರೆ, ಅದು ಎಲ್ಲಿ ಹಬ್ಬಿದರೂ ಆ ದೇಶಕಾಲಗಳ ನಿಜವಾದ ದುರಂತವೊಂದನ್ನು ಆಶ್ರಯಿಸಿಯೇ ಹಬ್ಬಿತೆಂಬುದು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪೇನ್ ದೇಶವು ಸಿಂಹಾಸನಕ್ಕಾಗಿ ನಡೆದ ಅಂತಃಕಲಹಗಳಿಂದಲೂ ಅನಂತರ ಕ್ಯೂಬಾದ ದಂಗೆಯಿಂದಲೂ ಜರ್ಜರಿತವಾದಾಗ, ಬಿಸೆತ್ರಿನ ಸೇವಕನು ‘ಸ್ಪೇನಿನ ಸೆರೆಯಾಳು’ ಆಗಿ ಅವತಾರವೆತ್ತಿದನು. ಇಂಗ್ಲೆಂಡು ಅಮೆರಿಕಗಳ ವ್ಯಾಪಾರಿಗಳಿಗೂ ರೈತರಿಗೂ ಅವನ ಕಾಗದಗಳು ಬರತೊಡಗಿದವು. ಈಗ ಕಥೆಯಲ್ಲಿ ತಾಯಿಯಿಲ್ಲದ ಮಗಳೊಬ್ಬಳು ಸೇರಿದಳು. ಮರಣೋನ್ಮುಖನಾದ ತಂದೆಯು ನಿಧಿಯನ್ನಷ್ಟೇ ಅಲ್ಲದೆ ಆ ಹುಡುಗಿಯನ್ನೂ ದೂರದ ಸಜ್ಜನನ ರಕ್ಷಣೆಗೆ ಒಪ್ಪಿಸುತ್ತಿದ್ದನು. 1898ರ ಮಾರ್ಚಿನಲ್ಲಿ, ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಆರಂಭವಾಗುವುದಕ್ಕೆ ಕೆಲವೇ ವಾರಗಳ ಮುಂಚೆ, ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು ಈ ಹಳೆಯ ಮೋಸ ಮತ್ತೆ ತಲೆಯೆತ್ತಿದೆಯೆಂದು ಓದುಗರನ್ನು ಎಚ್ಚರಿಸಿ, ಆ ಕಾಗದಗಳ ರೂಪವನ್ನೂ ವರ್ಣಿಸಿತು. ಪರದೇಶದ ಟಪಾಲಿಗೆ ಬಳಸುವ ತೆಳುವಾದ ನೀಲಿ ಹಾಳೆ, ಸುಶಿಕ್ಷಿತ ಪರದೇಶೀಯನು ಬರೆಯುವಂಥ ಇಂಗ್ಲಿಷು, ಅಲ್ಲಲ್ಲಿ ಒಂದೆರಡು ಕಾಗುಣಿತದ ತಪ್ಪು. ಓದುವವನಿಗೆ ಆ ತಪ್ಪುಗಳೇ ಬರೆದವನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ತೋರುತ್ತಿದ್ದವು.

ಇದೇ ಕಥೆಯು ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಹೆಸರಿಗೆ ಅಂಟಿಕೊಂಡ ಬಗೆಯನ್ನು ಅರಿಯಬೇಕಾದರೆ ಬ್ರಿಟಿಷರ ಆಳ್ವಿಕೆಯ ಕಾಲಕ್ಕೆ ಹಿಂದಿರುಗಬೇಕಾಗುತ್ತದೆ. ಕ್ವೀನ್ಸ್‌ಲೆಂಡಿನ 1899ರ ದಂಡಸಂಹಿತೆಯನ್ನು ಮಾದರಿಯಾಗಿಟ್ಟುಕೊಂಡು ಅವರು 1916ರಲ್ಲಿ ಇಡೀ ನೈಜೀರಿಯಾಕ್ಕೆ ಅನ್ವಯಿಸಿದ ಸಂಹಿತೆಯಲ್ಲಿ, ಸುಳ್ಳು ಹೇಳಿ ಪರರ ಸ್ವತ್ತನ್ನು ಪಡೆಯುವ ಅಪರಾಧಕ್ಕೆ 419ನೆಯ ಪ್ರಕರಣವು ಮೀಸಲಾಯಿತು. ನಮ್ಮಲ್ಲಿ 420 ಎಂಬ ಸಂಖ್ಯೆ ವಂಚಕನ ಪರ್ಯಾಯನಾಮವಾದ ಹಾಗೆಯೇ ಅಲ್ಲಿ ಮುಂದೆ 419 ಎಂಬುದು ಇಂಥ ವಂಚನೆಗೆಲ್ಲ ಹೆಸರಾಯಿತು. 1921ರಲ್ಲಿ ಕ್ರೆಂಟ್ಸಿಲ್ ಎಂಬ ಹಿಂದಿನ ಸರ್ಕಾರಿ ನೌಕರನು ‘ಅದ್ಭುತಗಳ ಪ್ರಾಧ್ಯಾಪಕ’ನೆಂದು ಸಹಿ ಮಾಡಿ, ಶುಲ್ಕ ಕಳುಹಿಸಿದವರಿಗೆ ಮಂತ್ರಶಕ್ತಿಯಿಂದ ಇಷ್ಟಾರ್ಥ ಸಿದ್ಧಿಸಿಕೊಡುವೆನೆಂದು ಕಾಗದಗಳನ್ನು ಬರೆದು ಈ ಪ್ರಕರಣಕ್ಕೆ ಗುರಿಯಾದ ಸಂಗತಿಯನ್ನು ಇತಿಹಾಸಕಾರ ಸ್ಟೀಫನ್ ಎಲಿಸ್ ಹಳೆಯ ದಾಖಲೆಗಳಿಂದ ಹೊರತೆಗೆದಿರುವರು. ಆದರೆ ಒಬ್ಬಿಬ್ಬರ ಕೈಚಳಕವು ಒಂದು ಉದ್ಯಮವಾಗಿ ಬೆಳೆಯುವುದಕ್ಕೆ ಇನ್ನೂ ಅರ್ಧ ಶತಮಾನ ಹಿಡಿಯಿತು. ಅದಕ್ಕೆ ಬೇಕಾದ ನೆಲವನ್ನು ಹದಗೊಳಿಸಿದುದು ಪೆಟ್ರೋಲಿಯಂ ಎಣ್ಣೆ.

1973ರ ಬಳಿಕ ಎಣ್ಣೆಯ ಬೆಲೆ ಹಲವು ಪಟ್ಟು ಏರಿದಾಗ ನೈಜೀರಿಯಾದ ಬೊಕ್ಕಸಕ್ಕೆ ಹರಿದುಬಂದ ಐಶ್ವರ್ಯವು ವಿವೇಚನೆಯನ್ನೇ ಮುಳುಗಿಸಿಬಿಟ್ಟಿತು. ಲಾಗೋಸ್ ಬಂದರು ವರ್ಷಕ್ಕೆ ಇಳಿಸಿಕೊಳ್ಳಬಲ್ಲ ಸಿಮೆಂಟು ಸುಮಾರು 10 ಲಕ್ಷ ಟನ್ನುಗಳಾಗಿರುವಾಗ ಸರ್ಕಾರವು ಸುಮಾರು 2 ಕೋಟಿ ಟನ್ನುಗಳಿಗೆ ಕರಾರು ಮಾಡಿಕೊಂಡಿತು. 1975ರಲ್ಲಿ ನೂರಾರು ಹಡಗುಗಳು ಸರಕು ಇಳಿಸಲಾಗದೆ ತಿಂಗಳುಗಟ್ಟಲೆ ಸಮುದ್ರದಲ್ಲೇ ಲಂಗರು ಹಾಕಿ ನಿಂತವು, ಕಾದ ದಿನಗಳಿಗೆಲ್ಲ ದಂಡವನ್ನು ಸರ್ಕಾರವೇ ತೆರಬೇಕಾಯಿತು. ಕರಾರಿನ ಮೊತ್ತವನ್ನು ಉಬ್ಬಿಸಿ ಬರೆಯುವುದು, ಉಬ್ಬಿದ ಹಣವನ್ನು ಪರದೇಶದ ಬ್ಯಾಂಕಿಗೆ ಸಾಗಿಸುವುದು, ಅದಕ್ಕೆ ಪರದೇಶದ ಪಾಲುದಾರನೊಬ್ಬನನ್ನು ಹುಡುಕುವುದು, ಇವು ಆ ದಿನಗಳಲ್ಲಿ ಅಧಿಕಾರಸ್ಥರು ನಿಜವಾಗಿಯೂ ನಡೆಸುತ್ತಿದ್ದ ವ್ಯವಹಾರಗಳೇ ಆಗಿದ್ದವು. ಮುಂದೆ ಬರಲಿದ್ದ ಕಾಗದಗಳು ಹೇಳಿದ ಕಥೆಯು ವಂಚಕರು ಕಲ್ಪಿಸಿದುದಲ್ಲ, ತಮ್ಮ ಆಳರಸರ ನಡತೆಯನ್ನು ನೋಡಿಯೇ ಬರೆದುದು.

ಎಂಬತ್ತರ ದಶಕದಲ್ಲಿ ಎಣ್ಣೆಯ ಬೆಲೆ ಕುಸಿಯಿತು. 1983ರ ಕೊನೆಯ ದಿನ ಸೈನ್ಯವು ಚುನಾಯಿತ ಸರ್ಕಾರವನ್ನು ಕಿತ್ತೊಗೆಯಿತು. 1986ರಲ್ಲಿ ಕೈಕೊಂಡ ಆರ್ಥಿಕ ಸುಧಾರಣೆಗಳ ಅಂಗವಾಗಿ ನೈರಾ ನಾಣ್ಯದ ಮೌಲ್ಯವನ್ನು ಇಳಿಸಲಾಗಿ, ಸಂಬಳದ ಮೇಲೆ ಬದುಕಿದ್ದ ಮಧ್ಯಮವರ್ಗದ ಸಂಸಾರಗಳು ಬಡತನಕ್ಕೆ ಜಾರಿದವು. ವಿಶ್ವವಿದ್ಯಾನಿಲಯಗಳಿಂದ ಹೊರಬಿದ್ದ ತರುಣರಿಗೆ ಇಂಗ್ಲಿಷು ಬರುತ್ತಿದ್ದಿತು, ಕಚೇರಿಯ ಪತ್ರವ್ಯವಹಾರದ ಶೈಲಿ ತಿಳಿದಿದ್ದಿತು, ಬೆರಳಚ್ಚು ಗೊತ್ತಿದ್ದಿತು, ಇಲ್ಲದಿದ್ದುದು ಕೆಲಸ. ಅಂಥವರನ್ನು ಕಲೆಹಾಕಿದ ಕೂಟಗಳಿಂದ ಟಪಾಲಿನ ಮೂಲಕವೂ ಟೆಲೆಕ್ಸ್, ಫ್ಯಾಕ್ಸ್‌ಗಳ ಮೂಲಕವೂ ಲೋಕದ ನಾನಾ ಭಾಗಗಳಿಗೆ ಕಾಗದಗಳು ಹೊರಟವು. ರಾಷ್ಟ್ರೀಯ ಪೆಟ್ರೋಲಿಯಂ ಸಂಸ್ಥೆಯ ಅಧಿಕಾರಿಯೊಬ್ಬನು, ಹೆಚ್ಚಿಗೆ ಬರೆದ ಕರಾರಿನಿಂದ ಉಳಿದ ಕೋಟಿಗಟ್ಟಲೆ ಡಾಲರುಗಳನ್ನು ಕಾಗದ ಪಡೆದವನ ಬ್ಯಾಂಕ್ ಖಾತೆಗೆ ಕಳುಹಿಸಲು ಅನುಮತಿ ಬೇಡುವನು. ಪ್ರತಿಫಲವಾಗಿ ನೂರಕ್ಕೆ ಇಪ್ಪತ್ತೈದೋ ಮೂವತ್ತೋ ಪಾಲು. ಒಪ್ಪಿದ ಮೇಲೆ ಮೊದಲು ವಕೀಲನ ಶುಲ್ಕ, ಅನಂತರ ತೆರಿಗೆ, ಅದಾದ ಮೇಲೆ ಹೊಸದಾಗಿ ಎದುರಾದ ಅಧಿಕಾರಿಯ ಲಂಚ. ಪ್ರತಿಯೊಂದೂ ಕೊನೆಯದೆಂದೇ ಹೇಳಲ್ಪಡುವುದು. ಹಿಂದೆ ಕೊಟ್ಟುದು ವ್ಯರ್ಥವಾಗಬಾರದೆಂಬ ಆಸೆಯೇ ಮುಂದಿನ ಕಂತನ್ನು ಕೊಡಿಸುವುದು. ಎಲ್ಲಕ್ಕಿಂತ ಮೊದಲು ಆ ಕಾಗದವು ಕೇಳುತ್ತಿದ್ದುದು ಹಣವನ್ನಲ್ಲ, ಗೋಪ್ಯತೆಯನ್ನು. ಯಾರಿಗೂ ಹೇಳದಿರಿ ಎಂಬ ಆ ಕೋರಿಕೆಗೆ ಒಪ್ಪಿದವನು ಹೆಂಡತಿಯ, ಮಿತ್ರರ, ಬ್ಯಾಂಕಿನ ಗುಮಾಸ್ತನ ವಿವೇಕದಿಂದ ದೂರವಾಗಿ ಆಗಲೇ ಒಂಟಿಯಾಗಿಬಿಡುತ್ತಿದ್ದನು.

ಈ ಉದ್ಯಮದ ಶಿಖರವೆನ್ನಬಹುದಾದ ಘಟನೆ ನಡೆದುದು ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ. ಅಲ್ಲಿನ ಬ್ಯಾಂಕೊ ನೊರೊಯೆಸ್ತೆ ಎಂಬ ಬ್ಯಾಂಕಿನ ಅಂತರರಾಷ್ಟ್ರೀಯ ವಿಭಾಗದ ನಿರ್ದೇಶಕ ನೆಲ್ಸನ್ ಸಾಕಗುಚಿಗೆ 1995ರಲ್ಲಿ ನೈಜೀರಿಯಾದ ಕೇಂದ್ರ ಬ್ಯಾಂಕಿನ ಗವರ್ನರ್ ಪಾಲ್ ಒಗ್ವುಮಾ ಅವರ ಹೆಸರಿನಲ್ಲಿ ಪ್ರಸ್ತಾಪವೊಂದು ಬಂದಿತು: ರಾಜಧಾನಿ ಅಬುಜಾದಲ್ಲಿ ಹೊಸ ವಿಮಾನನಿಲ್ದಾಣ ಕಟ್ಟಲಾಗುವುದು, ಅದಕ್ಕೆ ಬಂಡವಾಳ ಹೂಡಿಸಿದರೆ 1 ಕೋಟಿ ಡಾಲರ್ ದಲ್ಲಾಳಿ ಹಣ. ಗವರ್ನರ್ ವೇಷ ಧರಿಸಿದ್ದವನು ಇಮ್ಯಾನುಯೆಲ್ ನ್ವೂಡೆ, ಯೂನಿಯನ್ ಬ್ಯಾಂಕ್ ಆಫ್ ನೈಜೀರಿಯಾದ ಮಾಜಿ ನಿರ್ದೇಶಕ. ಬ್ಯಾಂಕಿನ ಒಳಗುಟ್ಟುಗಳನ್ನೂ ಮಾತಿನ ಧಾಟಿಯನ್ನೂ ಅವನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಮೂರು ವರ್ಷಗಳ ಕಾಲ ಹಣ ಹರಿಯಿತು. ನಗದಾಗಿ 19 ಕೋಟಿ 10 ಲಕ್ಷ ಡಾಲರ್, ಬಡ್ಡಿ ಸೇರಿ ಒಟ್ಟು 24 ಕೋಟಿ 20 ಲಕ್ಷ. ಕಟ್ಟಬೇಕಾಗಿದ್ದ ವಿಮಾನನಿಲ್ದಾಣದ ಒಂದು ಇಟ್ಟಿಗೆಯೂ ಎಲ್ಲಿಯೂ ಇರಲಿಲ್ಲ.

ಗುಟ್ಟು ಬಯಲಾದುದು ಯಾವ ಪತ್ತೇದಾರನ ಚಾತುರ್ಯದಿಂದಲೂ ಅಲ್ಲ. 1997ರಲ್ಲಿ ಸ್ಪೇನಿನ ಸಾಂತಾಂದೆರ್ ಬ್ಯಾಂಕು ನೊರೊಯೆಸ್ತೆಯನ್ನು ಕೊಳ್ಳಲು ಮುಂದೆ ಬಂದಾಗ, ಲೆಕ್ಕ ನೋಡಲು ಕುಳಿತ ಅಧಿಕಾರಿಯೊಬ್ಬನು, ಬ್ಯಾಂಕಿನ ಬಂಡವಾಳದ ಸುಮಾರು ಅರ್ಧದಷ್ಟು ಕೇಮನ್ ದ್ವೀಪಗಳಲ್ಲಿ ಯಾರ ಮೇಲ್ವಿಚಾರಣೆಯೂ ಇಲ್ಲದೆ ಬಿದ್ದಿರುವುದೇಕೆಂದು ಕೇಳಿದನು. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ಮೂರು ವರ್ಷಗಳ ಮೌನ ಒಡೆಯಿತು. ಬ್ಯಾಂಕಿನ ಮಾರಾಟ ನಿಲ್ಲಬಾರದೆಂದು ಅದರ ಒಡೆತನ ಹೊಂದಿದ್ದ ಸಿಮೊನ್ಸೆನ್ ಮತ್ತು ಕೊಕ್ರೇನ್ ಮನೆತನಗಳವರು ಇಡೀ ನಷ್ಟವನ್ನು ತಮ್ಮ ಕೈಯಿಂದ ತುಂಬಿದರು. ಆದರೆ ಅನೇಕ ಸಂಸ್ಥೆಗಳು ಇಂಥ ಸಂದರ್ಭದಲ್ಲಿ ಮಾಡುವಂತೆ ಮರ್ಯಾದೆಗೆ ಅಂಜಿ ವಿಷಯವನ್ನು ಮುಚ್ಚಿಡದೆ, ಹಲವು ದೇಶಗಳ ನ್ಯಾಯಾಲಯಗಳಲ್ಲಿ ಕಳ್ಳರ ಬೆನ್ನು ಹತ್ತಿದರು. ಈ ನಿರ್ಧಾರವೇ ನಮ್ಮ ಕಥೆಯ ಮಹತ್ತರವಾದ ತಿರುವು.

ಅದೇ ವರ್ಷಗಳಲ್ಲಿ ಲೋಕದಲ್ಲಿ ಇ-ಮೇಲ್ ಬಳಕೆ ವ್ಯಾಪಕವಾಯಿತು. ಒಂದು ಕಾಗದಕ್ಕೆ ತಗಲುತ್ತಿದ್ದ ಅಂಚೆಯ ವೆಚ್ಚದಲ್ಲಿ ಸಾವಿರಾರು ಕಾಗದಗಳನ್ನು ಕಳುಹಿಸುವುದು ಸಾಧ್ಯವಾಯಿತು. ಲಾಗೋಸಿನ ಸೈಬರ್ ಕೆಫೆಗಳಲ್ಲಿ ರಾತ್ರಿಯಿಡೀ ಕುಳಿತು ಬರೆಯುವ ತರುಣರಿಗೆ ‘ಯಾಹೂ ಬಾಯ್ಸ್’ ಎಂಬ ಹೆಸರು ಬಿದ್ದಿತು. ಅವರ ಬಲೆಗೆ ಬೀಳುವವನು ಅವರ ಮಾತಿನಲ್ಲಿ ‘ಮುಗು’, ಎಂದರೆ ಮೂಢ. 1998ರ ಜೂನಿನಲ್ಲಿ ಸರ್ವಾಧಿಕಾರಿ ಸಾನಿ ಅಬಾಚಾ ಹಠಾತ್ತಾಗಿ ಮರಣಹೊಂದಿ, ಆತನು ಶತಕೋಟಿಗಟ್ಟಲೆ ಡಾಲರುಗಳನ್ನು ಪರದೇಶಗಳಲ್ಲಿ ಬಚ್ಚಿಟ್ಟಿದ್ದನೆಂಬುದು ಜಗಜ್ಜಾಹೀರಾಗುತ್ತಲೇ, ಅವನ ವಿಧವೆಯ ಹೆಸರಿನಲ್ಲಿ ನೆರವು ಬೇಡುವ ಇ-ಮೇಲ್‌ಗಳು ಜಗತ್ತಿನ ತುಂಬ ಹರಡಿದವು. ಬಚ್ಚಿಟ್ಟ ಹಣವು ಕಟ್ಟುಕಥೆಯಾಗಿರಲಿಲ್ಲ. ಸ್ವಿಟ್ಜರ್ಲೆಂಡ್ ದೇಶವು ಅದರಲ್ಲಿ 50 ಕೋಟಿಗೂ ಹೆಚ್ಚು ಡಾಲರುಗಳನ್ನು ಮುಂದೆ ನೈಜೀರಿಯಾಕ್ಕೆ ಮರಳಿಸಿತು. ಫ್ರಾನ್ಸಿನ ಪ್ರಭು, ಸ್ಪೇನಿನ ಸೆರೆಯಾಳು, ಆಫ್ರಿಕದ ಸರ್ವಾಧಿಕಾರಿ, ಈ ಮೂವರ ಹಿಂದೆಯೂ ಇದ್ದುದು ವೃತ್ತಪತ್ರಿಕೆ ಓದುವವನಿಗೆಲ್ಲ ತಿಳಿದಿದ್ದ ನಿಜವಾದ ಪತನ.

2001ರಲ್ಲಿ ಅಕ್ರಮ ಹಣದ ತಡೆಗೆ ಸಹಕರಿಸದ ರಾಷ್ಟ್ರಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನೈಜೀರಿಯಾದ ಹೆಸರು ಸೇರಿದ ಬಳಿಕ, ಅಧ್ಯಕ್ಷ ಒಬಸಾಂಜೊ ಅವರ ಸರ್ಕಾರವು ಆರ್ಥಿಕ ಅಪರಾಧಗಳಿಗೆಂದೇ ಪ್ರತ್ಯೇಕವಾದ ಆಯೋಗವೊಂದನ್ನು ರಚಿಸಿ, ನುಹು ರಿಬಾಡು ಎಂಬ ಪೋಲೀಸ್ ಅಧಿಕಾರಿಯನ್ನು ಅದಕ್ಕೆ ಮುಖ್ಯಸ್ಥರನ್ನಾಗಿ ಮಾಡಿತು. 2004ರಲ್ಲಿ ಆಯೋಗವು ನ್ವೂಡೆಯನ್ನೂ ಅವನ ಸಹಚರರನ್ನೂ ನ್ಯಾಯಾಲಯಕ್ಕೆಳೆಯಿತು. ರಿಬಾಡು ಅವರಿಗೆ 75,000 ಡಾಲರ್ ಲಂಚವನ್ನು ಒಡ್ಡಲಾಯಿತು. ಅದು ಇನ್ನೊಂದು ಆರೋಪವಾಗಿ ಆರೋಪಿಯ ಕೊರಳಿಗೇ ಸುತ್ತಿಕೊಂಡಿತು. ಅಬುಜಾದ ನ್ಯಾಯಾಲಯವು ಅಪರಾಧ ನಡೆದ ಸ್ಥಳ ಲಾಗೋಸ್ ಎಂಬ ಕಾರಣದಿಂದ ಮೊಕದ್ದಮೆಯನ್ನು ವಜಾ ಮಾಡಿದಾಗ, ಆರೋಪಿಗಳನ್ನು ಪುನಃ ಬಂಧಿಸಿ ಲಾಗೋಸಿನಲ್ಲಿ ಹೊಸದಾಗಿ ವಿಚಾರಣೆ ಆರಂಭಿಸಲಾಯಿತು. ಅಲ್ಲಿ ಸಾಕಗುಚಿ ಸಾಕ್ಷಿಕಟ್ಟೆ ಹತ್ತಿ, ತಾನು ಮೋಸಹೋದ ಬಗೆಯನ್ನು ತುಂಬಿದ ನ್ಯಾಯಾಲಯದಲ್ಲಿ ವಿವರಿಸಿದನು. ಅದುವರೆಗೆ ತಾನು ನಿರಪರಾಧಿಯೆಂದು ವಾದಿಸುತ್ತಿದ್ದ ನ್ವೂಡೆ ಆ ಸಾಕ್ಷ್ಯದ ಬಳಿಕ ತಪ್ಪೊಪ್ಪಿಕೊಂಡನು. 2005ರ ನವೆಂಬರಿನಲ್ಲಿ ಅವನಿಗೆ ಕಾರಾಗೃಹವಾಸವೂ 1 ಕೋಟಿ ಡಾಲರ್ ದಂಡವೂ ವಿಧಿಸಲ್ಪಟ್ಟು ಆಸ್ತಿಯೂ ಜಪ್ತಿಯಾಯಿತು. ಅವನು ಮರುವರ್ಷವೇ ಬಿಡುಗಡೆ ಹೊಂದಿದನೆಂಬುದು ನಿಜ. ಆದರೂ ಇಷ್ಟು ದೊಡ್ಡ ವಂಚಕನೊಬ್ಬನನ್ನು ಅವನ ಸ್ವದೇಶದ ನ್ಯಾಯಾಲಯವೇ ತಪ್ಪಿತಸ್ಥನೆಂದು ಸಾರಿದುದು ಸಾಮಾನ್ಯ ಸಂಗತಿಯಾಗಿರಲಿಲ್ಲ. 2006ರಲ್ಲಿ ನೈಜೀರಿಯಾದ ಹೆಸರು ಆ ಪಟ್ಟಿಯಿಂದ ಇಳಿಯಿತು.

ನ್ಯಾಯಾಲಯದ ಹೊರಗೆ ಜನರ ಪ್ರತಿಕ್ರಿಯೆ ಬೇರೆ ಬೇರೆ ದಾರಿಗಳನ್ನು ಹಿಡಿದಿದ್ದಿತು. ಅಧಿಕ ಸಂಖ್ಯೆಯವರು ಆರಿಸಿಕೊಂಡದ್ದು ಮೌನವನ್ನು. ಹಣ ಹೋದುದಕ್ಕಿಂತ ಮೂರ್ಖರೆನಿಸಿಕೊಳ್ಳುವ ಭಯವೇ ಅವರನ್ನು ಬಾಧಿಸಿತು. ಕೆಲವರ ಮೌನ ಕ್ರೋಧವಾಗಿ ಸಿಡಿಯಿತು. 2003ರ ಫೆಬ್ರವರಿಯಲ್ಲಿ ಪ್ರಾಗ್ ನಗರದ ನೈಜೀರಿಯಾ ರಾಯಭಾರ ಕಚೇರಿಯಲ್ಲಿ, ಇಂಥ ವಂಚನೆಗೆ ತನ್ನ ಉಳಿತಾಯವನ್ನು ತೆತ್ತಿದ್ದ 72 ವರ್ಷದ ವೃದ್ಧನೊಬ್ಬನು, ಆ ಮೋಸದಲ್ಲಿ ಯಾವ ಪಾಲೂ ಇರದಿದ್ದ ರಾಯಭಾರ ಅಧಿಕಾರಿಯೊಬ್ಬರನ್ನು ಗುಂಡಿಟ್ಟು ಕೊಂದನು. ಇನ್ನು ಕೆಲವರು ವಂಚಕನನ್ನೇ ವಂಚಿಸಲು ಹೊರಟರು. ನಂಬಿದಂತೆ ನಟಿಸಿ ಉತ್ತರ ಬರೆದು, ತಿಂಗಳುಗಟ್ಟಲೆ ಅವನ ಕಾಲವನ್ನು ಹಾಳುಮಾಡಿ, ಆ ಕಾಲದಲ್ಲಿ ಇನ್ನೊಬ್ಬ ಅಮಾಯಕನು ಉಳಿದನೆಂದು ಸಮಾಧಾನಪಟ್ಟರು. ಹಳೆಯ ಗಣಕಯಂತ್ರವೊಂದರ ಪ್ರತಿಕೃತಿಯನ್ನು ಮರದಲ್ಲಿ ಕೆತ್ತಿ ಕಳುಹಿಸುವಂತೆ ಒಬ್ಬ ವಂಚಕನಿಂದ ಮಾಡಿಸಿದ ಪ್ರಸಂಗವು ಈ ವರ್ಗದವರಲ್ಲಿ ಬಹಳ ಪ್ರಸಿದ್ಧವಾಯಿತು. ಅವರ ಪತ್ರಗಳಿಂದ ವಂಚನೆಯ ತಂತ್ರಗಳು ಸಾಮಾನ್ಯ ಜನರಿಗೆ ತಿಳಿದುಬಂದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅವರಲ್ಲಿ ಕೆಲವರು ಬಡ ತರುಣರನ್ನು ಅಪಾಯದ ಪ್ರಯಾಣಗಳಿಗೆ ಕಳುಹಿಸಿ, ಅವಮಾನದ ಭಂಗಿಗಳಲ್ಲಿ ಚಿತ್ರ ತೆಗೆಸಿ ವಿನೋದಪಟ್ಟಾಗ, ನ್ಯಾಯದ ಹೆಸರಿನಲ್ಲಿ ಪ್ರಾರಂಭವಾದ ಕಾರ್ಯವು ಒಂದು ಜನಾಂಗದ ಅವಹೇಳನವಾಗಿ ಪರಿಣಮಿಸಿತು. ಆ ಅವಹೇಳನದ ಭಾರವನ್ನು ಹೊತ್ತವರು ವೀಸಾಕ್ಕಾಗಿ, ವ್ಯಾಪಾರಕ್ಕಾಗಿ, ಬಾಡಿಗೆಯ ಮನೆಗಾಗಿ ಪರದೇಶದ ಬಾಗಿಲು ತಟ್ಟಿದ ಲಕ್ಷಾಂತರ ಪ್ರಾಮಾಣಿಕ ನೈಜೀರಿಯನ್ನರು.

ಈ ವಿದ್ಯಮಾನದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಎಲಿಸ್ ಅವರು ವಸಾಹತು ಆಡಳಿತದ ಇಬ್ಬಗೆಯ ನೀತಿಯಲ್ಲಿ ಬೇರುಗಳನ್ನು ಕಂಡರೆ, ಮಾನವಶಾಸ್ತ್ರಜ್ಞ ಆಂಡ್ರ್ಯೂ ಆಪ್ಟರ್ ಎಣ್ಣೆಯ ಸಂಪತ್ತು ಹುಟ್ಟಿಸಿದ ಮಾಯಾವೈಭವವು ಕರಗಿದುದೇ ಕಾರಣವೆನ್ನುವರು. ನೈಜೀರಿಯಾದಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ಡೇನಿಯಲ್ ಜೋರ್ಡನ್ ಸ್ಮಿತ್, ಈ ವಂಚನೆಗಳನ್ನು ಅಲ್ಲಿನ ಸಾಮಾನ್ಯ ಜನರೇ ತಮ್ಮ ಸಮಾಜದ ಭ್ರಷ್ಟತೆಯ ಪ್ರತೀಕವೆಂದು ಕಂಡು ನೊಂದುಕೊಳ್ಳುವುದನ್ನು ಎತ್ತಿ ತೋರಿಸಿರುವರು. ಇಷ್ಟು ಹಳಸಿದ ಕಥೆಯನ್ನೇ ವಂಚಕರು ಹೇಳುತ್ತಿರುವುದೇಕೆಂಬ ಪ್ರಶ್ನೆಗೆ 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕ ಕಾರ್ಮಕ್ ಹರ್ಲಿ ಗಣಿತದ ಆಧಾರದ ಮೇಲೆ ಒಂದು ಸಮಾಧಾನವಿತ್ತರು: ಕಥೆ ಅಸಂಭಾವ್ಯವಾದಷ್ಟೂ ಸಂಶಯವುಳ್ಳವರು ಮೊದಲೇ ದೂರ ಸರಿಯುತ್ತಾರೆ, ಕೊನೆಯವರೆಗೂ ಬರುವವರು ಮಾತ್ರ ಉತ್ತರಿಸುತ್ತಾರೆ, ವಂಚಕನ ಶ್ರಮ ಉಳಿಯುತ್ತದೆ. ಈ ವಾದವು ಇಂದಿನ ಇ-ಮೇಲನ್ನು ಚೆನ್ನಾಗಿ ವಿವರಿಸುವುದಾದರೂ, ಸಾಕಗುಚಿಯಂಥ ಅನುಭವಿ ಬ್ಯಾಂಕರನು ಮೋಸಹೋದುದನ್ನು ವಿವರಿಸಲಾರದು. ಅವನ ಮುಂದಿದ್ದುದು ಅಸಂಭಾವ್ಯವಾದ ಕಥೆಯಲ್ಲ, ದಿನವೂ ಅವನ ಮೇಜಿನ ಮೇಲೆ ಬರುತ್ತಿದ್ದಂಥ ವ್ಯವಹಾರವೇ.

ನಮ್ಮ ನಾಡಿಗೂ ಈ ಅಲೆ ತಲಪದೆ ಉಳಿಯಲಿಲ್ಲ. ಭಾರತದ ಮೊದಲ ಸೈಬರ್ ಅಪರಾಧ ಪೋಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಕೊಳ್ಳದ ಲಾಟರಿಗೆ ಬಹುಮಾನ ಬಂದಿದೆಯೆಂಬ, ಕಸ್ಟಮ್ಸ್ ಶುಲ್ಕ ಕಟ್ಟಿದರೆ ವಿದೇಶದ ಉಡುಗೊರೆ ಮನೆಗೆ ಬರುವುದೆಂಬ ಸಂದೇಶಗಳು ಹೆಚ್ಚಿದಂತೆ, ತನ್ನ ಗವರ್ನರ್ ಅವರ ಹೆಸರನ್ನೂ ಮುದ್ರೆಯನ್ನೂ ಕೃತ್ರಿಮವಾಗಿ ಬಳಸಲಾಗುತ್ತಿದೆಯೆಂದು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಪ್ರಕಟಣೆ ಹೊರಡಿಸಬೇಕಾಯಿತು. ಈಗ 1930 ಎಂಬ ಸಹಾಯವಾಣಿಗೆ ಕೂಡಲೇ ಕರೆ ಮಾಡಿದರೆ, ಹಣವು ವಂಚಕನ ಕೈ ಸೇರುವ ಮುನ್ನ ಬ್ಯಾಂಕುಗಳಲ್ಲಿ ಅದನ್ನು ತಡೆಹಿಡಿಯಲು ಸಾಧ್ಯವಿದೆ. ಆ ವ್ಯವಸ್ಥೆಯಿಂದ ಪ್ರಯೋಜನವಾಗಬೇಕಾದರೆ ಬೇಕಾಗಿರುವುದು ವೇಗ. ವೇಗಕ್ಕೆ ಅಡ್ಡಬರುವುದು ನಾಚಿಕೆ. ಮಗನಿಗೆ ಹೇಗೆ ಹೇಳಲಿ, ನೆರೆಯವರು ಏನೆಂದಾರು ಎಂದು ಯೋಚಿಸುತ್ತ ಕಳೆದ ಒಂದು ರಾತ್ರಿಯಲ್ಲಿ ಹಣವು ಹತ್ತಾರು ಖಾತೆಗಳನ್ನು ದಾಟಿ ಹೋಗಿರುತ್ತದೆ.

ವಂಚಿತನ ಅತಿಯಾಸೆಯೇ ಅವನಿಗೆ ಶಿಕ್ಷೆಯಾಯಿತೆಂದು ಹೇಳುವುದು ಸುಲಭ. ವಿದೋಕನ ಕಾಲದಿಂದಲೂ ಲೋಕ ಹಾಗೆಯೇ ಹೇಳುತ್ತ ಬಂದಿದೆ. ಆದರೆ ಆ ಮಾತಿನಿಂದ ಒಬ್ಬ ವಂಚಕನೂ ಹಿಂಜರಿಯಲಿಲ್ಲ. ಸೆರೆಯಾಳಿನ ಕಾಗದಕ್ಕೆ ಉತ್ತರ ಬರೆದವರಲ್ಲಿ ಆಸೆಯೊಡನೆ ಅನುಕಂಪವೂ, ಅಳಿದ ವ್ಯವಸ್ಥೆಯ ಮೇಲಣ ನಿಷ್ಠೆಯೂ, ಅನಾಥ ಹುಡುಗಿಯ ಮೇಲಣ ಕರುಣೆಯೂ ಬೆರೆತಿದ್ದವು. ಅವರನ್ನು ಕೇವಲ ಲೋಭಿಗಳೆಂದು ತಳ್ಳಿಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ. ಎರಡು ಶತಮಾನಗಳಲ್ಲಿ ಈ ಉದ್ಯಮಕ್ಕೆ ಬಲವಾದ ಪೆಟ್ಟು ಬಿದ್ದುದು ಹಾಸ್ಯದಿಂದಲೂ ಅಲ್ಲ, ಗುಂಡಿನಿಂದಲೂ ಅಲ್ಲ. ನಷ್ಟಹೊಂದಿದವರು ಮರ್ಯಾದೆಯ ಭಯವನ್ನು ಬದಿಗಿಟ್ಟು ನಡೆದುದನ್ನು ನಡೆದಂತೆ ಹೇಳಿದಾಗ. ಬಲಿಯಾದವನ ಮೌನವೇ ವಂಚಕನ ಮೂಲಧನ. ನಮ್ಮ ಪರಿಹಾಸ್ಯವು ಆ ಮೂಲಧನಕ್ಕೆ ಬಡ್ಡಿ ಸೇರಿಸುತ್ತದೆ. ಮೋಸಹೋದವನು ತಲೆ ತಗ್ಗಿಸದೆ ಠಾಣೆಯ ಮೆಟ್ಟಿಲು ಹತ್ತುವಂತಾದರೆ ಈ ವ್ಯಾಪಾರದ ಲಾಭ ತಾನಾಗಿ ಕುಗ್ಗುವುದು. ಅವನಿಗೆ ಆ ಧೈರ್ಯವನ್ನು ಕೊಡಬೇಕಾದವರು ಕಾನೂನಿನವರಿಗಿಂತ ಮೊದಲು ಅವನ ಮನೆಯವರೂ ನೆರೆಯವರೂ ಆದ ನಾವು.